ಭಾರದವಳ ಕೊನೆಯ ತೂಕ

ಆ ಊರಿಗೆ ಒಂದು ಹೆಸರಿತ್ತು. ಹೊರಗಿನವರು ಬಂದು ಕೇಳಿದರೆ ಹೇಳಲಿಕ್ಕೆಂದು ಇಟ್ಟುಕೊಂಡ ಹೆಸರು ಅದು. ಹೊರಗಿನವರು ಬರುವುದು ನಿಂತು ಎಷ್ಟೋ ಕಾಲವಾದ್ದರಿಂದ ಊರಿನವರೇ ಅದನ್ನು ಮರೆತಿದ್ದರು. ಮರೆಯದೆ ಉಳಿಸಿಕೊಂಡದ್ದೆಂದರೆ ಒಂದು ವಿಮಾನ ಮತ್ತು ಒಂದು ಕಟ್ಟಳೆ.

ವಿಮಾನ ಯುದ್ಧದ್ದು. ಊರಿನವರು ಅದನ್ನು 'ದೊಡ್ಡದು' ಎನ್ನುತ್ತಿದ್ದರು. ಬೆಳಗಿನ ಬಿಸಿಲು ಬಯಲಿಗೆ ಬಿದ್ದಾಗ ದೊಡ್ಡದು ಮೇಲೇಳುತ್ತಿತ್ತು, ಮೂಡಣ ದಿಕ್ಕಿನ ಬೋಳುಗುಡ್ಡದವರೆಗೆ ಹೋಗುತ್ತಿತ್ತು, ತಿರುಗಿ ಬಂದು ಅದೇ ಬಯಲಿಗೆ ಇಳಿಯುತ್ತಿತ್ತು. ಗುಡ್ಡದ ಆಚೆ ಇನ್ನೊಂದು ಊರಿದೆಯಂತೆ, ಆ ಊರಿಗೂ ಈ ಊರಿಗೂ ಹಗೆಯಂತೆ, ಆ ಊರಿನ ತಲೆಯ ಮೇಲೆ ಹಾಕಬೇಕಾದ್ದನ್ನು ಹಾಕಿ ಬರಲಿಕ್ಕೆಂದೇ ದೊಡ್ಡದನ್ನು ತಂದದ್ದಂತೆ. ಹಗೆ ಯಾಕೆ ಹುಟ್ಟಿತೆಂದು ಕೇಳಿದರೆ ಕೆಲವರು ನೀರಿಗೆ ಎನ್ನುತ್ತಿದ್ದರು, ಕೆಲವರು ಹೆಣ್ಣಿಗೆ ಎನ್ನುತ್ತಿದ್ದರು, ಒಬ್ಬ ಮುದುಕ ಮಾತ್ರ ಒಂದು ಕೋಣಕ್ಕೆ ಎನ್ನುತ್ತಿದ್ದ. ಹಿಂದೆ ಆಜ್ಞೆ ಕೊಡುವವನೊಬ್ಬ ಇದ್ದ. ಅವನ ಬಾಯಿಂದ ಬಂದ ಕೊನೆಯ ಆಜ್ಞೆ ಇಷ್ಟೇ: "ಇಂದು ಗುಡ್ಡದವರೆಗೆ. ಮಿಕ್ಕಿದ್ದು ನಾಳೆ." ಅಷ್ಟು ಹೇಳಿ ಅವನು ಸಂಜೆಗೆ ತೀರಿಕೊಂಡ. ಆಜ್ಞೆ ತೀರಿಕೊಳ್ಳಲಿಲ್ಲ. ಹಾಗಾಗಿ ದಿನವೂ ಇಂದು ಗುಡ್ಡದವರೆಗೆ, ಮಿಕ್ಕಿದ್ದು ನಾಳೆ.

ಇನ್ನು ಕಟ್ಟಳೆ. ದೊಡ್ಡದು ಆಕಾಶದಲ್ಲಿ ಇರುವಷ್ಟು ಹೊತ್ತು ಊರಿನಲ್ಲಿ ಯಾರೂ ಕೈಯಲ್ಲಿದ್ದದ್ದನ್ನು ಕೆಳಗಿಡಬಾರದು. ಅದು ಮೇಲೆ ಭಾರ ಹೊತ್ತಿರುವಾಗ ಕೆಳಗಿನವರು ಕೈ ಇಳಿಸಿ ನಿಲ್ಲುವುದು ಮರ್ಯಾದೆಯಲ್ಲ ಎಂದು ಹಿಂದಿನವರು ಕಟ್ಟಿದ್ದು. ಕೊಡ ಹಿಡಿದವಳು ಕೊಡ ಹಿಡಿದೇ ನಿಲ್ಲಬೇಕು. ಕೂಸು ಎತ್ತಿಕೊಂಡವಳು ಎತ್ತಿಕೊಂಡೇ ನಿಲ್ಲಬೇಕು. ನೊಗ ಎತ್ತಿದವನು ಎತ್ತುಗಳ ಮುಖ ನೋಡುತ್ತ ನಿಲ್ಲಬೇಕು. ಜಾಣರು ಮೊದಲೇ ಕೈ ಖಾಲಿ ಮಾಡಿಕೊಂಡು ಜಗಲಿಗೆ ಬರುತ್ತಿದ್ದರು, ಆದರೆ ಬೆಳಗಿನ ಹೊತ್ತಿನಲ್ಲಿ ಎಷ್ಟು ಕೈ ಖಾಲಿ ಇದ್ದೀತು. ದೊಡ್ಡದು ಬಂದು ಅದರ ಚಕ್ರ ನೆಲಕ್ಕೆ ತಾಗಿದ ಮೇಲೆ ಬಯಲಿನಿಂದ ಒಂದು ಕೂಗು ಏಳುತ್ತಿತ್ತು: "ಮುಟ್ಟಿತು." ಆ ಕೂಗು ಬಾಗಿಲಿಂದ ಬಾಗಿಲಿಗೆ ದಾಟುತ್ತಿತ್ತು. ಆಮೇಲೆ ಊರೆಲ್ಲ ಕೊಡ, ಹಾರೆ, ಮೊರ, ಕೂಸು ಕೆಳಗಿಳಿಯುವ ಸದ್ದು.

ಆ ಕೂಗು ಹಾಕುತ್ತಿದ್ದವಳು ಭಾರದವಳು.

ಭಾರದವಳು ಯಾಕೆ ಬೇಕಾದಳೆಂದರೆ, ದೊಡ್ಡದರ ಹೊಟ್ಟೆಯಲ್ಲಿ ಮೊದಲು ಒಂದು ಬಾಂಬು ಇತ್ತು. ನಾಳೆ ನಾಳೆ ಎಂದು ಕೂತು ಕೂತು ಅದು ಬೆವರತೊಡಗಿತು. ಊರಿನವರು ಹೆದರಿ ಅದನ್ನು ದೂರದ ಹೊಲದಲ್ಲಿ ಹೂತರು. ಆ ಹೊಲದಲ್ಲಿ ಇಂದಿಗೂ ಹುಲ್ಲು ಹುಟ್ಟಿಲ್ಲ. ಹೂಳುವ ಮುಂಚೆ ತೂಗಿ, ಅದರ ತೂಕಕ್ಕೆ ಸರಿಯಾಗಿ ಒಂದು ಕಲ್ಲು ಕಡಿಸಿಟ್ಟುಕೊಂಡಿದ್ದರು. ಮರುದಿನ ಖಾಲಿ ಹೊಟ್ಟೆಯಲ್ಲಿ ಮೇಲೆದ್ದ ದೊಡ್ಡದು ಸಂತೆಯಿಂದ ಕುಡಿದು ಬರುವವನ ಹಾಗೆ ತೂರಾಡಿತು. "ಹೊಟ್ಟೆಯಲ್ಲಿ ಅದರ ತೂಕ ಇರಲೇಬೇಕು" ಎಂದ ಆ ಕಾಲದ ಹಾರಿಸುವವನು. ಊರಿನವರು ಕೂತು ಯೋಚಿಸಿದರು. ಯೋಚಿಸಿ ಒಬ್ಬ ಮನುಷ್ಯನನ್ನು ಕೂರಿಸಿದರು. ಅವನ ತೂಕ ಸರಿಯಿದೆಯೋ ಇಲ್ಲವೋ ನೋಡಲಿಕ್ಕೆ ಹೇಗೂ ಕಲ್ಲು ಇತ್ತಲ್ಲ.

ಅವನ ನಂತರ ಇನ್ನೊಬ್ಬ, ಆಮೇಲೆ ಇನ್ನೊಬ್ಬಳು, ಕಡೆಗೆ ಇವಳು. ಇವಳಿಗೆ ಹರೆಯ ಬಂದ ವರ್ಷ ಊರಿನವರನ್ನೆಲ್ಲ ಸಾಲು ನಿಲ್ಲಿಸಿ ತೂಗಿದಾಗ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತದ್ದು ಇವಳಿಗೆ. ಗುಂಪಿನಲ್ಲಿದ್ದ ಅವಳ ಅವ್ವ "ಹೊಂದಿತು" ಎಂದಳು, ಸಂಬಂಧ ಕೂಡಿಬಂದಾಗ ಹೇಳುತ್ತಾರಲ್ಲ, ಹಾಗೆ. ಅಂದಿನಿಂದ ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ದಿನಾ ಬೆಳಗ್ಗೆ ಅವಳು ಬಯಲಿನ ಅಂಚಿಗೆ ಹೋಗುತ್ತಿದ್ದಳು. ಅಲ್ಲಿ ದೊಡ್ಡ ತಕ್ಕಡಿ. ತಕ್ಕಡಿಯ ಬಳಿ ತೂಗುವವನು. ಅವನು ಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಒಂದು ತಟ್ಟೆಯಲ್ಲಿ ಇಟ್ಟಿರುತ್ತಿದ್ದ. ಇನ್ನೊಂದು ತಟ್ಟೆಯಲ್ಲಿ ಅವಳು ಮಂಡಿ ಮಡಚಿ ಕೂರುತ್ತಿದ್ದಳು. ಮುಳ್ಳು ಅಲ್ಲಾಡುತ್ತಿತ್ತು, ಅಲ್ಲಾಡುತ್ತಿತ್ತು, ನಿಲ್ಲುತ್ತಿತ್ತು. "ನಿಂತಿತು. ಇಳಿ ತಂಗಿ" ಎನ್ನುತ್ತಿದ್ದ. ಮುಳ್ಳು ಅತ್ತ ವಾಲಿದರೆ "ರಾತ್ರಿಗೆ ಇನ್ನೊಂದು ಮುದ್ದೆ ಉಣ್ಣು" ಎನ್ನುತ್ತಿದ್ದ, ಇತ್ತ ವಾಲಿದರೆ "ಇವತ್ತು ನೀರಷ್ಟೇ" ಎನ್ನುತ್ತಿದ್ದ. ದಾರಿಯಲ್ಲಿ ಸಿಕ್ಕ ಹೆಂಗಸರು ಅವಳನ್ನು ಊಟ ಆಯ್ತಾ ಎಂದು ಕೇಳುತ್ತಿರಲಿಲ್ಲ, ಮುಳ್ಳು ನಿಂತಿತಾ ಎಂದು ಕೇಳುತ್ತಿದ್ದರು. ಅವ್ವ ಸತ್ತಾಗ ಅವಳು ತಟ್ಟೆಯಲ್ಲಿ ಕೂತೇ ಅತ್ತಳು. ತೂಗುವವನು ಮುಳ್ಳನ್ನು ನೋಡಿ, "ಅಳಬೇಡ ತಂಗಿ, ಅತ್ತರೆ ಕಡಿಮೆಯಾಗ್ತೀಯ" ಎಂದ. ಅವನು ಕೆಟ್ಟವನಲ್ಲ. ಅವನಿಗೆ ಗೊತ್ತಿದ್ದ ಸಮಾಧಾನವೇ ಅಷ್ಟು. ಅವಳು ಅಳು ನಿಲ್ಲಿಸಿದಳು, ಆಮೇಲೆ ಮತ್ತೆ ಅಳಲಿಲ್ಲ, ನಗುವುದಕ್ಕೂ ಹೋಗಲಿಲ್ಲ. ಏನು ಮಾಡಿದರೆ ಎಷ್ಟು ಕರಗುತ್ತದೋ ಯಾರಿಗೆ ಗೊತ್ತು.

ಹೀಗೆ ಕಾಲ ಹೋಯಿತು. ದೊಡ್ಡದಕ್ಕೆ ವಯಸ್ಸಾಯಿತು. ರೆಕ್ಕೆಗೆ ಪಾತ್ರೆಯ ಮುಚ್ಚಳಗಳ ತೇಪೆ ಬಿತ್ತು. ಮೇಲೆ ಹೋಗುವಾಗ ಅದು ಮುದುಕರು ಮೆಟ್ಟಿಲು ಹತ್ತುವಂತೆ ಕೆಮ್ಮುತ್ತಿತ್ತು. ಒಂದು ದಿನ ಅದರ ಮೊಳೆಯೊಂದು ಕಳಚಿ ಬಂದು ಒಬ್ಬ ಮುದುಕಿಯ ಮಜ್ಜಿಗೆ ಗಡಿಗೆಯಲ್ಲಿ ಬಿತ್ತು. ಮುದುಕಿ ಕೆಳಗಿಡುವಂತಿಲ್ಲವಲ್ಲ, ಗಡಿಗೆ ಹಿಡಿದೇ ನಿಂತಳು. ಮೈಮೇಲೆಲ್ಲ ಮಜ್ಜಿಗೆ. ಊರು ಅದನ್ನು ಅಪಶಕುನವೆಂದಿತು. ಅಪಶಕುನವೇನು ಬಂತು, ತುಕ್ಕು.

ಊರಿನ ಯಜಮಾನ ಕಟ್ಟೆಯ ಮೇಲೆ ಎಲ್ಲರನ್ನೂ ಸೇರಿಸಿದ. "ದೊಡ್ಡದಕ್ಕೆ ವಿಶ್ರಾಂತಿ ಕೊಡೋಣ" ಎಂದ. "ಅದನ್ನ ಒಡೆದರೆ ಮನೆಮನೆಗೂ ಗುದ್ದಲಿ ಆಗುತ್ತೆ, ಪಾತ್ರೆ ಆಗುತ್ತೆ. ಅದೂ ಊರಿನ ಸೇವೆಯೇ." ಎಲ್ಲರೂ ತಲೆಯಾಡಿಸಿದರು. ಯಜಮಾನ ಗಂಟಲು ಸರಿಮಾಡಿಕೊಂಡ. "ಆದರೆ ಆಜ್ಞೆ ಬಾಕಿ ಇದೆ. ಗುಡ್ಡದವರೆಗೆ ಆಯ್ತು. ಮಿಕ್ಕಿದ್ದು ಆಗಲಿಲ್ಲ. ಮಿಕ್ಕಿದ್ದು ಮುಗಿಸದೆ ಒಡೆಯೋದು ಸರಿಯಲ್ಲ. ನಾಳೆ ದೊಡ್ಡದು ಗುಡ್ಡ ದಾಟಲಿ. ಆ ಊರಿನ ಮೇಲೆ ಭಾರ ಇಳಿಸಿ ಬರಲಿ. ಬಂದ ಮೇಲೆ ನಾನೇ ಮೊದಲ ಸುತ್ತಿಗೆ ಏಟು ಹಾಕ್ತೀನಿ."

ಭಾರ ಇಳಿಸಿ ಬರಲಿ ಎಂದರೇನೆಂದು ಎಲ್ಲರಿಗೂ ತಿಳಿಯಿತು. ಯಾರೂ ಭಾರದವಳ ಕಡೆ ನೋಡಲಿಲ್ಲ. ಎಲ್ಲರೂ 'ಭಾರ' ಎಂದೇ ಮಾತಾಡಿದರು. ಭಾರ ಎಷ್ಟು ಹೊತ್ತಿಗೆ ಹೊರಡಬೇಕು, ಭಾರಕ್ಕೆ ಹೂ ಮುಡಿಸಬೇಕೋ ಬೇಡವೋ. ಒಬ್ಬಳು ಹೂವಿಗೂ ತೂಕ ಇರುತ್ತದೆ ಎಂದು ನೆನಪಿಸಿದಳು, ಹೂ ಬೇಡವೆಂದಾಯಿತು. ಭಾರದವಳು ಕಟ್ಟೆಯ ಕೆಳಗೆ ಕೂತು ಎಲ್ಲವನ್ನೂ ಕೇಳಿದಳು. ಅವಳಿಗೆ ಹೆದರಿಕೆಯಾಗಲಿಲ್ಲ. ಹೆದರಿಕೆಗೂ ಒಳಗೆ ಒಂದಿಷ್ಟು ಜಾಗ ಬೇಕು, ಅವಳೊಳಗೆ ಇದ್ದದ್ದು ಬರೀ ತೂಕ.

ಸಭೆ ಮುಗಿದ ಮೇಲೆ ಅವಳು ಬಯಲಿಗೆ ಹೋದಳು. ಹಾರಿಸುವವನು ರೆಕ್ಕೆಯ ನೆರಳಲ್ಲಿ ಕೂತು ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅವನಿಗೂ ವಯಸ್ಸಾಗಿತ್ತು.

"ಒಡೀತಾರಂತೆ" ಎಂದ, ಅವಳ ಮುಖ ನೋಡದೆ. "ಗುದ್ದಲಿ ಮಾಡ್ತಾರಂತೆ. ನಾನು ಇದನ್ನ ವಾಪಸ್ ತರಲ್ಲ ಕಣವ್ವ. ಗುಡ್ಡದ ಆಚೆ ಎಲ್ಲಾದ್ರೂ ಬಯಲು ಕಂಡ್ರೆ ಇಳಿಸ್ಬಿಡ್ತೀನಿ. ಅದೂ ಮುದಿಯಾಯ್ತು, ನಾನೂ ಮುದಿಯಾದೆ. ಯಾವುದಾದ್ರೂ ಮರದ ಕೆಳಗೆ ಇದ್ಕೋತೀವಿ. ಯಾರಿಗೂ ಹೇಳ್ಬೇಡ."

"ಮತ್ತೆ ನಾನು?"

ಅವನು ಎಣ್ಣೆಬಟ್ಟೆಯನ್ನು ಹಿಂಡಿದ, ಕೊಡವಿದ, ಮತ್ತೆ ಹಿಂಡಿದ. "ಆಜ್ಞೆ ಇದೆಯಲ್ಲವ್ವ. ಆ ಊರು ಕಂಡಾಗ ನಾನು ಹೊಟ್ಟೆಯ ಬಾಗಿಲಿನ ಹಿಡಿ ಎಳೀಬೇಕು. ಎಳೀದಿದ್ರೆ ಮಿಕ್ಕಿದ್ದು ಮಿಕ್ಕೇ ಇರುತ್ತೆ."

ವಿಮಾನವನ್ನು ಒಡೆಯಬಾರದೆಂದು ಊರಿನ ಮಾತು ಮೀರಲು ಸಿದ್ಧನಾದವನು ಒಂದು ಹಿಡಿ ಎಳೆಯದಿರಲು ಸಿದ್ಧನಿರಲಿಲ್ಲ. ಮನುಷ್ಯನ ಧೈರ್ಯ ಅವನ ಪ್ರೀತಿ ಇರುವಷ್ಟು ದೂರ ಹೋಗುತ್ತದೆ, ಆಮೇಲೆ ಗುಡ್ಡದಿಂದ ತಿರುಗಿ ಬರುತ್ತದೆ. ಭಾರದವಳು ಅವನನ್ನು ಬೈಯಲಿಲ್ಲ. ಮನೆಗೆ ಹೋಗಿ, ತೂಕಕ್ಕೆ ಬೇಕಾದಷ್ಟು ಉಂಡು, ಮಲಗಿದಳು.

ಬೆಳಗಾಯಿತು. ಕೊನೆಯ ದಿನವೆಂದು ಊರಿಗೆ ಊರೇ ಬಯಲಿಗೆ ಬಂದಿತ್ತು. ಕೊನೆಯ ದಿನ ಖಾಲಿ ಕೈಯಲ್ಲಿ ನಿಲ್ಲುವುದು ಸರಿಯಲ್ಲವೆಂದು ಒಬ್ಬೊಬ್ಬರೂ ಏನಾದರೊಂದು ಹಿಡಿದು ಬಂದಿದ್ದರು. ಕೊಡ, ಹಾರೆ, ಒನಕೆ, ಕಾಳಿನ ಮೂಟೆ. ಒಬ್ಬಳು ಬಾಣಂತಿ ಕೂಸನ್ನು ಎತ್ತಿಕೊಂಡಿದ್ದಳು. ಮಜ್ಜಿಗೆ ಮುದುಕಿ ತುಂಬಿದ ಗಡಿಗೆ ಹಿಡಿದಿದ್ದಳು, ಹಾರಿಸುವವನು ಬಂದ ಕೂಡಲೆ ಕುಡಿಯಲಿ ಎಂದು. ಯಜಮಾನ ದೊಡ್ಡ ಸುತ್ತಿಗೆ ಹೆಗಲಿಗೇರಿಸಿ ಮುಂದೆ ನಿಂತಿದ್ದ.

ತೂಗುವವನು ಕಲ್ಲು ತೊಳೆದು ಎಣ್ಣೆ ಹಚ್ಚಿದ್ದ. ಭಾರದವಳು ತಟ್ಟೆಯಲ್ಲಿ ಮಂಡಿ ಮಡಚಿ ಕೂತಳು. ಮುಳ್ಳು ಅಲ್ಲಾಡಿತು, ಅಲ್ಲಾಡಿತು, ನಿಂತಿತು.

"ನಿಂತಿತು" ಎಂದ ತೂಗುವವನು. 'ಇಳಿ ತಂಗಿ' ಎನ್ನಬೇಕಿತ್ತು. ಅವನು ಎದುರು ತಟ್ಟೆಯ ಕಲ್ಲನ್ನು ಸುಮ್ಮನೆ ಸವರುತ್ತ ನಿಂತ.

ಅವಳು ಅವನ ಕೈಯನ್ನು ನೋಡಿದಳು, ಕಲ್ಲನ್ನು ನೋಡಿದಳು. ಇಷ್ಟು ವರ್ಷ ಎದುರುಬದುರು ಕೂತಿದ್ದರೂ ಅವಳು ಕಲ್ಲನ್ನು ನೋಡಿದ್ದೇ ಇಲ್ಲ. ಅವಳು ನೋಡುತ್ತಿದ್ದುದು ಮುಳ್ಳನ್ನು.

"ಅಣ್ಣ, ನಾಳೆಯಿಂದ ಈ ಕಲ್ಲು ಏನಾಗುತ್ತೆ?"

"ನಾಳೆ ತೂಗೋದೇನಿದೆ ತಂಗಿ. ಇಲ್ಲೇ ಬಿದ್ದಿರುತ್ತೆ."

"ಇದರ ತೂಕವೂ ನನ್ನ ತೂಕವೂ ಒಂದೇ ಅಲ್ವಾ?"

"ಒಂದೇ. ಒಂದು ಕಾಳೂ ಆಚೀಚೆ ಇಲ್ಲ."

"ಹಾಗಾದ್ರೆ ಇದೇ ಹೋಗಬಹುದಲ್ಲ" ಎಂದಳು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ಅವಳಿಗೇ ಇನ್ನೊಂದು ಹೊಳೆಯಿತು. "ಇಷ್ಟು ದಿನವೂ ಇದೇ ಹೋಗಬಹುದಿತ್ತಲ್ಲ ಅಣ್ಣ?"

ತೂಗುವವನಿಗೆ ಕೋಪ ಬಂದಂತಾಯಿತು. "ಕಲ್ಲು ಹೋದ್ರೆ ನಿನ್ನ ತೂಗೋದು ಯಾತರಿಂದ?"

"ಕಲ್ಲು ಹೋಗೋದಾದ್ರೆ ನನ್ನ ಯಾಕೆ ತೂಗ್ಬೇಕು?"

ತೂಗುವವನ ಅಪ್ಪ ಇದೇ ಕಲ್ಲಿಗೆ ಎಣ್ಣೆ ಹಚ್ಚಿದ್ದ. ಅಪ್ಪನ ಅಪ್ಪನೂ ಹಚ್ಚಿದ್ದ. ಮೂರು ತಲೆಮಾರಿನಲ್ಲಿ ಒಬ್ಬರಿಗೂ ಹೊಳೆಯದ್ದು ಇದು, ಮೂಗಿನ ತುದಿಯಲ್ಲೇ ಇದ್ದದ್ದು. ಅವನು ಈ ಕಲ್ಲಿನ ಮೇಲೆ ಕೂತು ಮಧ್ಯಾಹ್ನದ ಬುತ್ತಿ ಉಂಡಿದ್ದ, ಇದಕ್ಕೆ ಒರಗಿ ನಿದ್ದೆ ಮಾಡಿದ್ದ. ಇದು ಹೋದರೆ ತಾನು ಯಾರು ಎಂಬ ಪ್ರಶ್ನೆ ಅವನ ಮುಖದಲ್ಲಿ ಕಾಣುತ್ತಿತ್ತು. ಅವಳಿಗೆ ಅವನ ಮೇಲೆ ಕನಿಕರ ಬಂತು. ತನ್ನ ಮೇಲೆ ಬಾರದ ಕನಿಕರ ಅವನ ಮೇಲೆ ಬಂದದ್ದು ಅವಳಿಗೇ ವಿಚಿತ್ರವೆನಿಸಿತು.

ತೂಗುವವನು ಹೆಗಲ ಮೇಲಿನ ಟವೆಲ್ಲು ತೆಗೆದು ಕಲ್ಲಿನ ಎಣ್ಣೆಯನ್ನು ಒರೆಸಿದ. ಯಾಕೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಎತ್ತುವವರ ಕೈ ಜಾರದಿರಲಿ ಎಂದು.

ಅವನು ಯಜಮಾನನ ಹತ್ತಿರ ಹೋಗಿ ವಿಷಯ ಹೇಳಿದ. ಊರಿನವರು ದೊಡ್ಡ ಜಗಳವಾಗುತ್ತದೆ, ಕಟ್ಟಳೆಯ ಮಾತು ಬರುತ್ತದೆ, ಸತ್ತವರ ಹೆಸರೆಲ್ಲ ಬರುತ್ತದೆ ಎಂದುಕೊಂಡರು. ಯಜಮಾನ ತಲೆ ಕೆರೆದುಕೊಂಡ.

"ತೂಕ ಸರಿಯಿದೆಯೋ?"

"ಸರಿಯಿದೆ."

"ಹಾಗಾದ್ರೆ ಆಗಬಹುದು."

"ಮೊದಲಿಂದಲೂ ಆಗಬಹುದಿತ್ತೇ ಯಜಮಾನ್ರೇ?" ಎಂದು ತಟ್ಟೆಯಲ್ಲಿ ಕೂತವಳು ಕೇಳಿದಳು.

"ಆಗಬಹುದಿತ್ತು" ಎಂದ ಯಜಮಾನ, ಸುತ್ತಿಗೆಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸುತ್ತ. "ಯಾರೂ ಕೇಳಲಿಲ್ಲವಲ್ಲಮ್ಮ."

ಇಷ್ಟೇ ಆದದ್ದು. ಒಂದು ಆಯುಷ್ಯ ಅಲ್ಲಿ ಹಾಗೆ ಮುಗಿದುಹೋಗಿತ್ತು, ಅದಕ್ಕೆ ಕಾರಣ ಯಾರೂ ಕೇಳಲಿಲ್ಲ ಎನ್ನುವುದು. ಯಾರಿಗಾದರೂ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೈತುಂಬ ಸಾಮಾನು ಹಿಡಿದವರಿಗೆ ಸಿಟ್ಟು ಮಾಡಲು ಕೈಯೆಲ್ಲಿ.

ನಾಲ್ಕು ಜನ ಹಗ್ಗ ಹಾಕಿ ಕಲ್ಲನ್ನು ತಟ್ಟೆಯಿಂದ ಎತ್ತಿದರು. ಕಲ್ಲು ಮೇಲೆದ್ದ ಕೂಡಲೆ ಭಾರದವಳ ತಟ್ಟೆ ಧಡಕ್ಕನೆ ನೆಲಕ್ಕೆ ಕೂತಿತು. ಅವಳಿಗೆ ತಾನು ಅಷ್ಟು ಭಾರ ಎಂದು ಗೊತ್ತೇ ಇರಲಿಲ್ಲ. ಕಲ್ಲನ್ನು ದೊಡ್ಡದರ ಹೊಟ್ಟೆಯಲ್ಲಿ, ಅವಳು ಕೂತು ಕೂತು ಸವೆದ ಜಾಗದಲ್ಲಿ ಇಟ್ಟರು. ಹಾರಿಸುವವನು ಇಣುಕಿ ನೋಡಿ ಒಮ್ಮೆ ನಕ್ಕ. ಕಲ್ಲಾದರೆ ಆ ಊರಿನ ಹೊರಗೆ ಬಯಲಲ್ಲಿ ಬಿಡುತ್ತೇನೆ, ಬಟ್ಟೆ ಒಗೆಯಲಿಕ್ಕೆ ಇಟ್ಟುಕೊಳ್ಳಲಿ ಎಂದ. ಕಲ್ಲಿನ ಬದಲು ಅವಳೇ ಆಗಿದ್ದರೆ ಎಲ್ಲಿ ಬಿಡುತ್ತಿದ್ದ ಎಂದು ಅವನನ್ನು ಯಾರೂ ಕೇಳಲಿಲ್ಲ.

ದೊಡ್ಡದು ಕೆಮ್ಮಿತು, ನಡುಗಿತು, ಓಡಿತು. ಅದು ಓಡುವುದನ್ನು ಭಾರದವಳು ಹೊರಗಿಂದ ನೋಡಿದ್ದು ಅದೇ ಮೊದಲು. ಅದರ ಹೊಟ್ಟೆ ಇಷ್ಟು ಚಿಕ್ಕದೇ ಎನಿಸಿತು. ತೂಗುವವನು ಬಂದು, ತಟ್ಟೆಯಲ್ಲೇ ಕೂತಿದ್ದ ಅವಳಿಗೆ "ಏಳು ತಂಗಿ" ಎಂದು ಕೈ ಕೊಟ್ಟ. ಅವಳು ಕೈ ಹಿಡಿದು ಎದ್ದಳು. ಆ ಹೊತ್ತಿಗೆ ಸರಿಯಾಗಿ ಚಕ್ರ ನೆಲ ಬಿಟ್ಟಿತು.

ಬಯಲೆಲ್ಲ ಸ್ತಬ್ಧವಾಯಿತು. ಹಿಡಿದವರು ಹಿಡಿದಂತೆ ನಿಂತರು. ತೂಗುವವನ ಕೈಯಲ್ಲಿ ಅವಳ ಕೈ ಇತ್ತು. ಕಟ್ಟಳೆಯ ಪ್ರಕಾರ ಅವನು ಅದನ್ನು ಬಿಡುವಂತಿರಲಿಲ್ಲ.

ದೊಡ್ಡದು ಗುಡ್ಡದವರೆಗೆ ಹೋಯಿತು. ತಿರುಗಲಿಲ್ಲ. ಗುಡ್ಡದ ಹಿಂದೆ ಮರೆಯಾಯಿತು. ಸದ್ದು ಸ್ವಲ್ಪ ಹೊತ್ತು ಉಳಿದಿತ್ತು, ಆಮೇಲೆ ಅದೂ ಹೋಯಿತು.

ಕಾದರು. ಬಿಸಿಲು ಏರಿತು. ಕೊಡ ಹಿಡಿದವರ ತೋಳು ಸೋತಿತು, ಮೂಟೆ ಹೊತ್ತವರ ಕುತ್ತಿಗೆ ಬಾಗಿತು. ಯಜಮಾನ ಸುತ್ತಿಗೆಯನ್ನು ಆ ಹೆಗಲಿಂದ ಈ ಹೆಗಲಿಗೆ, ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ. ಭಾರದವಳು ಒಬ್ಬೊಬ್ಬರನ್ನೇ ನೋಡಿದಳು. ಊರಿನಲ್ಲಿ ಭಾರ ಎಂದರೆ ತಾನೊಬ್ಬಳೇ ಎಂದುಕೊಂಡಿದ್ದಳು. ತಾನು ಒಳಗೆ ಕೂತಿದ್ದಾಗಲೆಲ್ಲ ಕೆಳಗೆ ಇವರು ಹೀಗೆ ನಿಂತಿರುತ್ತಿದ್ದರು, ದಿನವೂ, ಯಾಕೆಂದು ಯಾರನ್ನೂ ಕೇಳದೆ.

ದೊಡ್ಡದು ಬರುವುದಿಲ್ಲ ಎಂದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಕೂಗು ಹಾಕಬೇಕಾದವಳೂ ಅವಳೇ. ಒಂದು ಮಾತು ಆಡಿದರೆ ಸಾಕು, ಇಷ್ಟು ಜನರ ಕೈ ಇಳಿಯುತ್ತಿತ್ತು. ಅವಳು ಆಡಲಿಲ್ಲ. ತೂಗುವವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು. ಅವಳು ತಟ್ಟೆಯಲ್ಲಿ ಕೂತಿದ್ದಳು, ವಿಮಾನದಲ್ಲಿ ಕೂತಿದ್ದಳು, ನೆಲದಲ್ಲಿ ಕೂತಿದ್ದಳು. ಹರೆಯ ಬಂದ ಮೇಲೆ ಅವಳನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು, ಎಂದುಕೊಂಡಳು. ಅಷ್ಟು ವರ್ಷ ಅವರಿಗಾಗಿ ಕೂತವಳು ಇವತ್ತೊಂದು ದಿನ ಅವರನ್ನು ತನಗಾಗಿ ನಿಲ್ಲಿಸಿಕೊಂಡರೆ ತಪ್ಪೇನು. ಇನ್ನೂ ಸ್ವಲ್ಪ ಹೊತ್ತು.

ಬಾಣಂತಿಯ ತೋಳು ನಡುಗತೊಡಗಿತು. ಕೂಸು ಅತ್ತಿತು. ಮುದುಕಿಯ ಗಡಿಗೆಯಿಂದ ಮಜ್ಜಿಗೆ ತುಳುಕಿ ಅವಳ ಸೀರೆಯ ಮೇಲೆ ಸುರಿಯಿತು. ಮುದುಕಿ ಕಣ್ಣು ಮುಚ್ಚಿಕೊಂಡಳು.

"ಮುಟ್ಟಿತು" ಎಂದಳು ಭಾರದವಳು.

ಯಾರೂ ಅಲುಗಲಿಲ್ಲ. ಯಜಮಾನ ಗುಡ್ಡದ ಕಡೆ ನೋಡಿದ. "ಎಲ್ಲಿ? ಕಾಣಲಿಲ್ಲವಲ್ಲ."

"ಗುಡ್ಡದ ಆಚೆ. ಹಾರಿಸುವವನು ನೆನ್ನೆಯೇ ಹೇಳಿದ್ದ, ಅಲ್ಲೇ ಇಳಿಸ್ತೀನಿ, ಒಡೆಯೋಕೆ ಬಿಡಲ್ಲ ಅಂತ. ಅಲ್ಲಿರೋದೂ ನೆಲವೇ ಅಲ್ವಾ ಯಜಮಾನ್ರೇ."

ಯಜಮಾನ ಯೋಚಿಸಿದ. ಅಲ್ಲಿರುವುದೂ ನೆಲವೇ. ಅದನ್ನೂ ಇದುವರೆಗೆ ಯಾರೂ ಹೇಳಿರಲಿಲ್ಲ. ಅವನು ಮೆಲ್ಲನೆ ಬಗ್ಗಿ ಸುತ್ತಿಗೆಯನ್ನು ಹುಲ್ಲಿನ ಮೇಲೆ ಇಟ್ಟ. ಆಮೇಲೆ ಬಯಲಿನ ತುಂಬ ಇಳಿಸುವ ಸದ್ದು. ಕೊಡ, ಹಾರೆ, ಒನಕೆ, ಮೂಟೆ. ಬಾಣಂತಿ ಕೂಸನ್ನು ಸೆರಗು ಹಾಸಿ ಮಲಗಿಸಿ ಪಕ್ಕದಲ್ಲೇ ಕುಸಿದು ಕೂತಳು. ತೂಗುವವನು ನಿಯಮದ ಮನುಷ್ಯ. ಕೂಗು ನಿಜವೆಂದು ತಿಳಿದ ಕೂಡಲೆ ಅವನೂ ಅವಳ ಕೈ ಬಿಟ್ಟ.

ಅವಳ ಕೈ ಗಾಳಿಯಲ್ಲೇ ನಿಂತಿತು. ಅದನ್ನು ಎಲ್ಲಿ ಇಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಜನ ಮನೆಗೆ ಹೊರಟರು. ಗುದ್ದಲಿ ಹೋಯಿತಲ್ಲ ಎಂದು ಕೆಲವರು ಗೊಣಗಿದರು. ತಕ್ಕಡಿಯ ಬಳಿ ಇಬ್ಬರು ಉಳಿದರು.

"ಅಣ್ಣ, ಇವತ್ತು ಎಷ್ಟು ಉಣ್ಣಲಿ?"

ತೂಗುವವನು ಮುಳ್ಳನ್ನು ನೋಡಿದ. ಎರಡು ತಟ್ಟೆಗಳೂ ಖಾಲಿ ಇದ್ದವು. ಮುಳ್ಳು ನೆಟ್ಟಗೆ ನಿಂತಿತ್ತು. "ಹಸಿವಾದಷ್ಟು ಉಣ್ಣು" ಎಂದ.

"ಹಸಿವು ಹೇಗಿರುತ್ತೆ?"

ಅವನು ಎದೆಯ ಕೆಳಗೆ ಕೈ ಆಡಿಸಿ ಏನೋ ತೋರಿಸಿದ, ಬಿಟ್ಟ. ಕಲ್ಲು ಇರುತ್ತಿದ್ದ ತಟ್ಟೆಯಲ್ಲಿ ಅವನು ಕೂತ. "ನೀನೂ ಕೂತ್ಕೋ. ಕಾಯೋಣ. ಬರುತ್ತೆ."

ಅವಳು ಎದುರು ತಟ್ಟೆಯಲ್ಲಿ ಕೂತಳು. ಮುಳ್ಳು ಯಾವ ಕಡೆ ವಾಲಿತೆಂದು ಇಬ್ಬರೂ ತಲೆಯೆತ್ತಿ ನೋಡಲಿಲ್ಲ. ದನ ಹೊಡೆದುಕೊಂಡು ಬಂದವರು ಇವರನ್ನು ಕಂಡು, ಪಾಪ, ಇನ್ನೂ ದೊಡ್ಡದಕ್ಕೆ ಕಾಯುತ್ತಿದ್ದಾರೆ ಎಂದುಕೊಂಡು ಸುಮ್ಮನೆ ದಾಟಿಹೋದರು. ತಕ್ಕಡಿಯ ನೆರಳು ಚಿಕ್ಕದಾಯಿತು, ಮತ್ತೆ ದೊಡ್ಡದಾಯಿತು.

ಬಿಸಿಲು ಹಳದಿಯಾಗುವ ಹೊತ್ತಿಗೆ ಭಾರದವಳು "ಅಣ್ಣ, ಬಂತು" ಎಂದಳು.

ತೂಗುವವನು ತಟ್ಟನೆ ತಲೆಯೆತ್ತಿ ಆಕಾಶ ನೋಡಿದ. ಅಲ್ಲಿ ಏನೂ ಇರಲಿಲ್ಲ. ಅವಳ ಕಡೆ ತಿರುಗಿದ. ಅವಳು ತನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.